ಬೇಲಿ ಬಿದ್ದ ಮೇಲೆ: ಬೇರೆಯಾದ ಪ್ರಾಣಿಗಳು ಮತ್ತೆ ಒಂದಾಗುವುದು ಹೇಗೆ?

2006ರ ಏಪ್ರಿಲ್‌ನಲ್ಲಿ ಕೆನಡಾದ ಉತ್ತರ ತುದಿಯ ಬ್ಯಾಂಕ್ಸ್ ದ್ವೀಪದಲ್ಲಿ ಬೇಟೆಗಾರರೊಬ್ಬರು ಒಂದು ಕರಡಿಯನ್ನು ಹೊಡೆದರು. ಅವರ ಬಳಿ ಇದ್ದದ್ದು ಹಿಮಕರಡಿ ಬೇಟೆಯ ಪರವಾನಗಿ. ದೂರದಿಂದ ಅದು ಹಿಮಕರಡಿಯಂತೆಯೇ ಕಂಡಿತ್ತು. ಹತ್ತಿರ ಹೋಗಿ ನೋಡಿದರೆ ಬಿಳಿ ತುಪ್ಪಳದಲ್ಲಿ ಕಂದು ಮಚ್ಚೆಗಳು, ಬೆನ್ನ ಮೇಲೆ ಡುಬ್ಬ, ಉದ್ದನೆಯ ಉಗುರು. ಡುಬ್ಬ ಮತ್ತು ಉಗುರು ಗ್ರಿಜ್ಲಿ ಎಂಬ ಕಂದು ಕರಡಿಯ ಗುರುತುಗಳು. ಗ್ರಿಜ್ಲಿ ಹೊಡೆಯಲು ಅವರಿಗೆ ಪರವಾನಗಿ ಇರಲಿಲ್ಲ. ಹಾಗಾಗಿ ಅದು ಯಾವ ಕರಡಿ ಎಂಬುದು ಕಾನೂನಿನ ಪ್ರಶ್ನೆಯೂ ಆಯಿತು. ಡಿಎನ್‌ಎ ಪರೀಕ್ಷೆಯಿಂದ ಉತ್ತರ ಸಿಕ್ಕಿತು: ತಾಯಿ ಹಿಮಕರಡಿ, ತಂದೆ ಗ್ರಿಜ್ಲಿ. ಕಾಡಿನಲ್ಲೇ ಹುಟ್ಟಿದ ಇಂಥ ಮಿಶ್ರ ಕರಡಿ ಪರೀಕ್ಷೆಯಲ್ಲಿ ಖಚಿತವಾದದ್ದು ಅದೇ ಮೊದಲು.

ಅಲ್ಲಿಂದೀಚೆಗೆ ಧ್ರುವದ ಹಿಮ ಕರಗುತ್ತಿದೆ ಎಂಬ ಸುದ್ದಿಯ ಜೊತೆಗೆ ಈ ಮಿಶ್ರ ಕರಡಿಯ ಮಾತೂ ಬರುತ್ತಲೇ ಇದೆ. ಎರಡು ಬಗೆಯ ಕರಡಿಗಳು ಒಂದಾಗಿಬಿಡುತ್ತವೆಯೇ ಎಂದು ಜನ ಕೇಳುತ್ತಾರೆ. ಕೇಳುವುದು ಸಹಜ. ಬೇರೆ ಬೇರೆ ಪ್ರಭೇದಗಳು ಕೂಡುವುದಿಲ್ಲ, ಕೂಡಿದರೂ ಹುಟ್ಟುವ ಮರಿ ಹೇಸರಗತ್ತೆಯಂತೆ ಬಂಜೆಯಾಗಿರುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ ಅಲ್ವಾ? ಆ ಪಾಠ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಬೇರೆಯಾದ ಪ್ರಾಣಿಗಳು ಮತ್ತೆ ಒಂದಾದ ಉದಾಹರಣೆಗಳು ಇವೆ. ಹತ್ತಿರ ಬಂದೂ ಒಂದಾಗದ ಉದಾಹರಣೆಗಳೂ ಇವೆ. ಯಾವಾಗ ಹೀಗೆ, ಯಾವಾಗ ಹಾಗೆ ಎಂಬುದನ್ನು ಬುಡದಿಂದ ನೋಡೋಣ.

## ಮೊದಲು ಬೇರೆಯಾಗುವುದು ಹೇಗೆ?

ಒಂದು ಪ್ರದೇಶದಲ್ಲಿದ್ದುಕೊಂಡು ತಮ್ಮತಮ್ಮಲ್ಲೇ ಕೂಡಿ ಮರಿ ಮಾಡುವ ಪ್ರಾಣಿಗಳ ಗುಂಪನ್ನು 'ಸಮೂಹ' ಎನ್ನೋಣ. ಸಮೂಹದ ಒಳಗೆ ವಂಶವಾಹಿಗಳು ಸದಾ ಕಲೆಯುತ್ತಿರುತ್ತವೆ. ವಂಶವಾಹಿ ಎಂದರೆ ದೇಹ ಕಟ್ಟುವ ಸೂಚನೆ. ಡಿಎನ್‌ಎ ಎಂಬ ಉದ್ದನೆಯ ದಾರದಲ್ಲಿ ಈ ಸೂಚನೆಗಳು ಬರೆದಿರುತ್ತವೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ.

ಈಗ ಈ ಸಮೂಹ ಎರಡಾಯಿತು ಎಂದುಕೊಳ್ಳಿ. ನಡುವೆ ಹಿಮದ ಹಾಸು ಬಂತು, ಸಮುದ್ರ ಏರಿತು, ಕಾಡು ಮರೆಯಾಗಿ ಬಯಲಾಯಿತು, ಏನೋ ಒಂದು. ಆಚೆಯವು ಆಚೆ, ಈಚೆಯವು ಈಚೆ. ಡಿಎನ್‌ಎ ಪ್ರತಿ ತೆಗೆಯುವಾಗ ಸಣ್ಣ ಪುಟ್ಟ ತಪ್ಪುಗಳು ಆಗುತ್ತಲೇ ಇರುತ್ತವೆ. ಒಂದೇ ಹಸ್ತಪ್ರತಿಯನ್ನು ಇಬ್ಬರು ಕೈಬರಹದಲ್ಲಿ ನಕಲು ಮಾಡಿ, ಆ ನಕಲನ್ನು ಇನ್ನಿಬ್ಬರು ನಕಲು ಮಾಡಿ, ಹೀಗೆ ನೂರು ಸಲ ನಡೆದರೆ ಎರಡೂ ಕಡೆಯ ಪ್ರತಿಗಳು ನಿಧಾನವಾಗಿ ಬೇರೆಯಾಗುತ್ತವೆ. ಇಲ್ಲೂ ಅಷ್ಟೇ. ಜೊತೆಗೆ ಎರಡೂ ಕಡೆಯ ಹವೆ, ಆಹಾರ, ಶತ್ರುಗಳು ಬೇರೆ. ಒಂದು ಕಡೆ ದಪ್ಪ ಕೊಕ್ಕು ಉಳಿಸುತ್ತದೆ, ಇನ್ನೊಂದು ಕಡೆ ಸಣ್ಣ ಕೊಕ್ಕು ಉಳಿಸುತ್ತದೆ. ಸಾವಿರಾರು ತಲೆಮಾರು ಕಳೆದ ಮೇಲೆ ಎರಡು ಗುಂಪುಗಳ ನಡುವೆ ಹಿಮವಾಗಲಿ ನೀರಾಗಲಿ ಇಲ್ಲದಿದ್ದರೂ ಒಂದು ಬೇಲಿ ಎದ್ದಿರುತ್ತದೆ.

ಈ ಬೇಲಿ ಯಾವುದರಿಂದ ಕಟ್ಟಿದ್ದು ಎಂಬುದರ ಮೇಲೆಯೇ ಮುಂದಿನ ಕತೆಯೆಲ್ಲ ನಿಂತಿದೆ.

## ಹೊರಗಿನ ಬೇಲಿ, ಒಳಗಿನ ಬೇಲಿ

ಬೇಲಿಗಳಲ್ಲಿ ಎರಡು ಬಗೆ. ಮೊದಲನೆಯದು ಕೂಡುವ ಮುಂಚೆಯೇ ತಡೆಯುವ ಬೇಲಿ. ಹಾಡು ಬೇರೆ, ಬಣ್ಣ ಬೇರೆ, ಬೆದೆಗೆ ಬರುವ ತಿಂಗಳು ಬೇರೆ, ಮೊಟ್ಟೆ ಇಡುವ ಜಾಗ ಬೇರೆ. ಎರಡೂ ಒಂದೇ ಕಾಡಿನಲ್ಲಿದ್ದರೂ ಒಂದನ್ನೊಂದು ಜೋಡಿ ಎಂದು ನೋಡುವುದೇ ಇಲ್ಲ. ಇದನ್ನು ಹೊರಗಿನ ಬೇಲಿ ಎನ್ನೋಣ.

ಎರಡನೆಯದು ದೇಹದೊಳಗಿನ ಬೇಲಿ. ಕೂಡಿದವು, ಆದರೆ ಮರಿ ನಿಲ್ಲಲಿಲ್ಲ. ಅಥವಾ ಮರಿ ಹುಟ್ಟಿತು, ಬೆಳೆಯಿತು, ಆದರೆ ಅದಕ್ಕೆ ಮರಿಯಾಗಲಿಲ್ಲ. ಹೇಸರಗತ್ತೆ ಇದರದ್ದೇ ಉದಾಹರಣೆ. ಡಿಎನ್‌ಎ ದಾರ ಕ್ರೋಮೋಸೋಮ್ ಎಂಬ ಕಟ್ಟುಗಳಲ್ಲಿ ಇರುತ್ತದೆ. ಕುದುರೆಗೆ 64 ಕ್ರೋಮೋಸೋಮ್, ಕತ್ತೆಗೆ 62. ಹೇಸರಗತ್ತೆಗೆ ಸಿಗುವುದು 63. ವೀರ್ಯ ಅಥವಾ ಅಂಡ ತಯಾರಾಗುವಾಗ ಕ್ರೋಮೋಸೋಮ್‌ಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. 63ರಲ್ಲಿ ಜೋಡಿ ಸರಿಹೋಗುವುದಿಲ್ಲ. ಹಾಗಾಗಿ ಹೇಸರಗತ್ತೆ ಗಟ್ಟಿಮುಟ್ಟಾಗಿದ್ದರೂ ಬಹುಪಾಲು ಬಂಜೆ.

ಒಳಗಿನ ಬೇಲಿ ಸಾಮಾನ್ಯವಾಗಿ ಗಂಡು ಹೆಣ್ಣು ಎರಡಕ್ಕೂ ಒಂದೇ ಸಲಕ್ಕೆ ಏಳುವುದಿಲ್ಲ. ಮಿಶ್ರ ಮರಿಗಳಲ್ಲಿ ಒಂದು ಲಿಂಗಕ್ಕೆ ಮಾತ್ರ ತೊಂದರೆಯಾದರೆ ಅದು ಹೆಚ್ಚಾಗಿ ಎರಡು ಬೇರೆ ಬೇರೆ ಲಿಂಗ ಕ್ರೋಮೋಸೋಮ್ (ಗಂಡೋ ಹೆಣ್ಣೋ ಎಂದು ತೀರ್ಮಾನಿಸುವ ಕ್ರೋಮೋಸೋಮ್) ಇರುವ ಲಿಂಗ ಎಂದು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1922ರಲ್ಲೇ ಗುರುತಿಸಿದ್ದರು. ಸಸ್ತನಿಗಳಲ್ಲಿ ಅದು ಗಂಡು, ಹಕ್ಕಿಗಳಲ್ಲಿ ಹೆಣ್ಣು. ಇದರಿಂದ ಒಂದು ಕಿಂಡಿ ಉಳಿಯುತ್ತದೆ. ಗಂಡುಮರಿ ಬಂಜೆಯಾದರೂ ಹೆಣ್ಣುಮರಿಯ ಮೂಲಕ ವಂಶವಾಹಿಗಳು ಆಚೆಯಿಂದ ಈಚೆಗೆ ದಾಟಬಹುದು.

ಎರಡು ಬೇಲಿಗಳ ನಡುವೆ ದೊಡ್ಡ ವ್ಯತ್ಯಾಸ ಇರುವುದು ಕಾಲದಲ್ಲಿ. ಒಳಗಿನ ಬೇಲಿ ಎದ್ದು ಗಟ್ಟಿಯಾಗಲು ಸಾಮಾನ್ಯವಾಗಿ ಲಕ್ಷಗಟ್ಟಲೆ ವರ್ಷ ಬೇಕು. ಎದ್ದ ಮೇಲೆ ಅದು ಸುಲಭಕ್ಕೆ ಬೀಳುವುದಿಲ್ಲ. ಹೊರಗಿನ ಬೇಲಿ ಕೆಲವೇ ಸಾವಿರ ವರ್ಷಗಳಲ್ಲಿ ಏಳಬಲ್ಲದು. ಬೀಳಲು ಹತ್ತಿಪ್ಪತ್ತು ವರ್ಷ ಸಾಕು.

## ಮಣಿಸರದ ಲೆಕ್ಕ

ಒಂದಾಗುವುದು ಎಂದರೆ ಸುಮ್ನೆ ಒಂದು ಮಿಶ್ರ ಮರಿ ಹುಟ್ಟುವುದಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಗೊಂದಲವೆಲ್ಲ ಇಲ್ಲೇ ಆಗುವುದು.

ಒಂದು ಗುಂಪಿನ ಡಿಎನ್‌ಎ ದಾರವನ್ನು ಕೆಂಪು ಮಣಿಸರ ಎಂದುಕೊಳ್ಳಿ, ಇನ್ನೊಂದರದ್ದು ನೀಲಿ. ಎರಡೂ ಕೂಡಿ ಹುಟ್ಟಿದ ಮೊದಲ ಮರಿಯ ಬಳಿ ಒಂದು ಪೂರ್ತಿ ಕೆಂಪು ಸರ, ಒಂದು ಪೂರ್ತಿ ನೀಲಿ ಸರ ಇರುತ್ತವೆ. ಮಣಿಗಳು ಇನ್ನೂ ಕಲೆತಿಲ್ಲ. ಆ ಮರಿ ಬೆಳೆದು ತನ್ನ ಮರಿಗೆ ದಾಟಿಸುವಾಗ ಎರಡು ಸರಗಳನ್ನು ಅಲ್ಲಲ್ಲಿ ಕತ್ತರಿಸಿ, ಅದಲು ಬದಲು ಮಾಡಿ, ಒಂದೇ ಸರವಾಗಿ ಪೋಣಿಸಿ ಕೊಡುತ್ತದೆ. ಹೆಚ್ಚುಕಮ್ಮಿ ಎಲ್ಲ ಪ್ರಾಣಿಗಳ ದೇಹವೂ ಹೀಗೇ ಮಾಡುವುದು. ಆಗ ಒಂದೇ ಸರದಲ್ಲಿ ಕೆಂಪಿನ ಉದ್ದ ತುಂಡು, ನೀಲಿಯ ಉದ್ದ ತುಂಡು ಬರುತ್ತವೆ. ಮುಂದಿನ ತಲೆಮಾರಿನಲ್ಲಿ ಮತ್ತೆ ಕತ್ತರಿ. ತುಂಡುಗಳು ಇನ್ನಷ್ಟು ಗಿಡ್ಡ. ನೂರಾರು ತಲೆಮಾರಿನ ಹೊತ್ತಿಗೆ ಎರಡು ಕೆಂಪು, ಮೂರು ನೀಲಿ, ಒಂದು ಕೆಂಪು ಎಂಬಂತೆ ಆಗಿರುತ್ತದೆ.

ವಿಜ್ಞಾನಿಗಳು ಈ ತುಂಡುಗಳ ಉದ್ದವನ್ನೇ ಗಡಿಯಾರದಂತೆ ಬಳಸುತ್ತಾರೆ. ತುಂಡು ಉದ್ದವಿದ್ದರೆ ಬೆರಕೆ ಇತ್ತೀಚಿನದು. ಚೂರು ಚೂರಾಗಿದ್ದರೆ ಹಳೆಯದು. ಯಾರೂ ಕಣ್ಣಾರೆ ಕಾಣದ ಬೆರಕೆಗಳ ಕಾಲವನ್ನು ಅಂದಾಜು ಮಾಡುವುದು ಹೀಗೆ.

ಮಿಶ್ರ ಮರಿ ಮುಂದೆ ಯಾರೊಂದಿಗೆ ಕೂಡುತ್ತದೆ ಎಂಬುದು ಮುಖ್ಯ. ಅದೂ ಅದರ ಮರಿಗಳೂ ತಲೆತಲೆಮಾರಿಗೂ ಕೆಂಪು ಗುಂಪಿನಲ್ಲೇ ಜೋಡಿ ಕಟ್ಟಿಕೊಂಡರೆ, ಕೊನೆಗೆ ಕೆಂಪು ಸರದಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ಮಣಿ ಉಳಿದೀತು, ಅಷ್ಟೇ. ಗುಂಪುಗಳು ಎರಡಾಗಿಯೇ ಇರುತ್ತವೆ. ಬೆರಕೆ ಎರಡೂ ಕಡೆಗೆ, ಎಡೆಬಿಡದೆ ನಡೆದು, ಇದು ಕೆಂಪು ಇದು ನೀಲಿ ಎಂದು ವಿಂಗಡಿಸಲು ಬಾರದಂತಾದರೆ ಮಾತ್ರ ಎರಡು ಗುಂಪು ಒಂದಾದವು ಎನ್ನಬಹುದು.

ಈಗ ಮತ್ತೆ ಆ ಕರಡಿಗೆ ಬನ್ನಿ. ಕೆನಡಾದ ಆ ಭಾಗದಲ್ಲಿ ಸಿಕ್ಕ ಎಂಟು ಮಿಶ್ರ ಕರಡಿಗಳ ವಂಶವನ್ನು ಜಾಲಾಡಿದ ಅಧ್ಯಯನವೊಂದು 2017ರಲ್ಲಿ ಬಂತು. ಎಂಟೂ ಒಂದೇ ಹೆಣ್ಣು ಹಿಮಕರಡಿಯ ಸಂತಾನ! ಅದು ಎರಡು ಗಂಡು ಗ್ರಿಜ್ಲಿಗಳೊಂದಿಗೆ ಕೂಡಿತ್ತು. ಅದರ ಮಿಶ್ರ ಮಗಳೊಂದು ಮತ್ತೆ ಗ್ರಿಜ್ಲಿಗಳೊಂದಿಗೇ ಕೂಡಿತ್ತು. ಅಂದರೆ ಸುದ್ದಿಯಾದ ಬೆರಕೆಯ ಹಿಂದೆ ಇದ್ದದ್ದು ಒಂದು ಕುಟುಂಬ. ಮಿಶ್ರ ಮರಿಗಳು ಬಂಜೆಯಲ್ಲ ಎಂಬುದಂತೂ ಇದರಿಂದ ಖಚಿತವಾಯಿತು. ಆದರೆ ಎರಡು ಪ್ರಭೇದಗಳು ಒಂದಾಗುತ್ತಿವೆ ಎನ್ನಲು ಇಷ್ಟು ಸಾಲದು.

## ಎದುರಾದರೂ ಒಂದಾಗದವು

ಯುರೋಪಿನ ಕಾಗೆಗಳನ್ನು ನೋಡಿ. ಪಶ್ಚಿಮದಲ್ಲಿ ಮೈಯೆಲ್ಲ ಕಪ್ಪಾದ ಕಾಗೆ. ಪೂರ್ವದಲ್ಲಿ ತಲೆ, ರೆಕ್ಕೆ ಕಪ್ಪಾಗಿ ಮೈ ಬೂದಿಯಾದ ಕಾಗೆ. ಹಿಮಯುಗದಲ್ಲಿ ಬೇರೆ ಬೇರೆ ಮೂಲೆಗಳಲ್ಲಿ ಉಳಿದುಕೊಂಡಿದ್ದವು, ಹಿಮ ಸರಿದ ಮೇಲೆ ಹರಡಿ ನಡುವೆ ಎದುರಾದವು ಎಂದು ತಿಳಿಯಲಾಗಿದೆ. ಎದುರಾದ ಜಾಗ ಜರ್ಮನಿಯ ಮೂಲಕ ಹಾದುಹೋಗುವ ಒಂದು ಪಟ್ಟಿ. ಅಲ್ಲಿ ಎರಡೂ ಕೂಡುತ್ತವೆ, ಮರಿಗಳೂ ಆರೋಗ್ಯವಾಗಿರುತ್ತವೆ. ಆದರೂ ಪಟ್ಟಿ ಅಗಲವಾಗುತ್ತಾ ಹೋಗಿ ಎಲ್ಲವೂ ಒಂದೇ ಆಗಲಿಲ್ಲ. ಡಿಎನ್‌ಎ ಓದಿದಾಗ ಇನ್ನೂ ಆಶ್ಚರ್ಯ. ಎರಡು ಕಾಗೆಗಳ ಡಿಎನ್‌ಎ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಕೆಲವೇ ಜಾಗಗಳಲ್ಲಿ, ಅದರಲ್ಲೂ ಬಣ್ಣಕ್ಕೆ ಸಂಬಂಧಿಸಿದ ವಂಶವಾಹಿಗಳಲ್ಲಿ. ಕಾಗೆಗಳು ತಮ್ಮ ಬಣ್ಣದ ಜೋಡಿಯನ್ನೇ ಜಾಸ್ತಿ ಆರಿಸುತ್ತವೆ. ಉಳಿದ ಮಣಿಗಳೆಲ್ಲ ಬೇಲಿ ದಾಟಿ ಓಡಾಡಿವೆ. ಬಣ್ಣದ ಮಣಿಗಳು ಮಾತ್ರ ತಂತಮ್ಮ ಕಡೆಯೇ ನಿಂತಿವೆ.

ಇಂಥ ಪಟ್ಟಿಗೆ 'ಬೆರಕೆ ವಲಯ' ಎನ್ನಬಹುದು. ಮನೆ ಇಲಿಗಳಲ್ಲೂ ಒಂದು ಇದೆ. ಡೆನ್ಮಾರ್ಕ್‌ನಿಂದ ಕಪ್ಪು ಸಮುದ್ರದ ಕಡೆಗೆ 2,000 ಕಿಲೋಮೀಟರಿಗೂ ಉದ್ದಕ್ಕೆ ಹರಡಿದ ವಲಯ ಅದು. ಪೂರ್ವದ ಇಲಿಗೂ ಪಶ್ಚಿಮದ ಇಲಿಗೂ ಅಲ್ಲಿ ಮರಿಗಳಾಗುತ್ತವೆ. ಆದರೆ ಮಿಶ್ರ ಗಂಡುಮರಿಗಳಲ್ಲಿ ಹಲವಕ್ಕೆ ಸಂತಾನಶಕ್ತಿ ಕಡಿಮೆ. ಇದು ಹಾಲ್ಡೇನ್ ಹೇಳಿದ್ದಕ್ಕೆ ಸರಿಯಾಗಿಯೇ ಇದೆ. ಎರಡೂ ಬದಿಯಿಂದ ಇಲಿಗಳು ಬರುತ್ತಲೇ ಇರುತ್ತವೆ, ಮಿಶ್ರ ಮರಿಗಳ ವಂಶ ಕುಂಟುತ್ತಲೇ ಇರುತ್ತದೆ. ಹಾಗಾಗಿ ವಲಯ ಅಳಿಯುವುದೂ ಇಲ್ಲ, ಅಗಲವಾಗುವುದೂ ಇಲ್ಲ.

## ಪೂರ್ತಿ ಒಂದಾದ ರೇವನ್

ಕಾಗೆಯ ದೊಡ್ಡ ನೆಂಟ ರೇವನ್ ಹಕ್ಕಿಯದ್ದು ಬೇರೆಯೇ ಕತೆ.

2000ದ ಹೊತ್ತಿಗೆ ಅಮೆರಿಕದ ಸಂಶೋಧಕರು ರೇವನ್‌ಗಳ ಮೈಟೋಕಾಂಡ್ರಿಯಾದ ಡಿಎನ್‌ಎ ಓದಿದರು. ಇದು ತಾಯಿಯಿಂದ ಮಾತ್ರ ಬರುವ ಪುಟ್ಟ ಡಿಎನ್‌ಎ. ಕತ್ತರಿ ಪೋಣಿಕೆ ಇದಕ್ಕೆ ಇಲ್ಲದ್ದರಿಂದ ತಾಯಿಯ ವಂಶವನ್ನು ನೇರವಾಗಿ ತೋರಿಸುತ್ತದೆ. ನೋಡಿದರೆ ಎರಡು ಸ್ಪಷ್ಟ ವಂಶಗಳು. ಒಂದು ಅಮೆರಿಕದ ನೈಋತ್ಯ ಭಾಗದ್ದು, ಅದಕ್ಕೆ 'ಕ್ಯಾಲಿಫೋರ್ನಿಯಾ' ವಂಶ ಎಂದು ಹೆಸರಿಟ್ಟರು. ಇನ್ನೊಂದು ಅಲಾಸ್ಕಾದಿಂದ ರಷ್ಯಾ, ನಾರ್ವೆವರೆಗೂ ಹರಡಿದ್ದು. ಎರಡೂ ಕವಲೊಡೆದು 10 ಲಕ್ಷದಿಂದ 20 ಲಕ್ಷ ವರ್ಷ ಆಗಿತ್ತು ಎಂಬ ಅಂದಾಜು. ಅಷ್ಟು ಕಾಲದ ಬೇರ್ಪಡೆ ಎಂದರೆ ಎರಡು ಪ್ರಭೇದಗಳಾಗಲು ಸಾಕು. ಆದರೆ ಅಮೆರಿಕದ ಪಶ್ಚಿಮದಲ್ಲಿ ಎರಡೂ ವಂಶದ ಹಕ್ಕಿಗಳು ಒಟ್ಟಿಗೇ ಇದ್ದವು, ನೋಡಲು ಒಂದೇ ಥರ ಇದ್ದವು, ಜೋಡಿಯನ್ನೂ ಕಟ್ಟುತ್ತಿದ್ದವು.

2018ರಲ್ಲಿ ಪೂರ್ತಿ ಡಿಎನ್‌ಎಯ ಅಧ್ಯಯನ ಪ್ರಕಟವಾಯಿತು. ತಂದೆತಾಯಿ ಇಬ್ಬರಿಂದಲೂ ಬರುವ ಡಿಎನ್‌ಎಯಲ್ಲಿ ಕೆಂಪು ನೀಲಿ ಮಣಿಗಳು ಚೆನ್ನಾಗಿ ಕಲೆತುಹೋಗಿದ್ದವು. ಹತ್ತಾರು ಸಾವಿರ ವರ್ಷಗಳಿಂದಲಾದರೂ ಈ ಕೂಡಿಕೆ ನಡೆದಿದೆ ಎಂಬ ತೀರ್ಮಾನಕ್ಕೆ ಬಂದರು. ಹೊಳೆ ನಡುಗಡ್ಡೆಯೊಂದನ್ನು ಬಳಸಿ ಎರಡು ಕವಲಾಗಿ ಹರಿದು ಮುಂದೆ ಮತ್ತೆ ಒಂದೇ ಹೊಳೆಯಾಗುವುದಿಲ್ಲವೇ? ಹಾಗೆ. ಪುಸ್ತಕಗಳಲ್ಲಿ ಜೀವವಿಕಾಸವನ್ನು ಮರದ ಚಿತ್ರದಿಂದ ತೋರಿಸುತ್ತಾರೆ. ಮರದ ಕೊಂಬೆ ಒಮ್ಮೆ ಸೀಳಿದರೆ ಮತ್ತೆ ಕೂಡುವುದಿಲ್ಲ. ಜೀವಿಗಳ ಕತೆಗೆ ಹಲವು ಕಡೆ ಹೊಳೆಯ ಚಿತ್ರವೇ ಹೆಚ್ಚು ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ.

ಇದರಲ್ಲಿ ಇನ್ನೂ ಒಂದು ಎಳೆ ಇದೆ. ಅದೇ ಪ್ರದೇಶದಲ್ಲಿ ಚಿವಾವಾ ರೇವನ್ ಎಂಬ ಇನ್ನೊಂದು ಪ್ರಭೇದವಿದೆ. ತಾಯಿ ಕಡೆಯ ಡಿಎನ್‌ಎ ಪ್ರಕಾರ ಕ್ಯಾಲಿಫೋರ್ನಿಯಾ ವಂಶಕ್ಕೆ ಹತ್ತಿರದ ನೆಂಟ ಅದೇ. ಆದರೂ ಅದು ಇವುಗಳೊಂದಿಗೆ ಬೆರೆಯದೆ ಬೇರೆಯಾಗಿಯೇ ಉಳಿದಿದೆ. ಬೇರೆಯಾಗಿ ಎಷ್ಟು ವರ್ಷವಾಯಿತು ಎಂಬುದೊಂದೇ ಎಲ್ಲವನ್ನೂ ಹೇಳುವುದಿಲ್ಲ. ಆ ವರ್ಷಗಳಲ್ಲಿ ಯಾವ ಬೇಲಿ ಎದ್ದಿತು ಎಂಬುದು ಮುಖ್ಯ.

## ನೀರು ಕಲಕಿದರೆ ಬೀಳುವ ಬೇಲಿ

ಇಲ್ಲಿಯವರೆಗಿನದು ನಿಸರ್ಗವೇ ನಡೆಸಿದ್ದು. ಈಗ ಬರುವುದರಲ್ಲಿ ಮನುಷ್ಯರ ಕೈ ಇದೆ.

ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಸಿಕ್ಲಿಡ್ ಎಂಬ ಮೀನುಗಳಿವೆ. ಸುಮಾರು 15,000 ವರ್ಷಗಳಲ್ಲಿ ಅಲ್ಲಿ ನೂರಾರು ಬಗೆಯ ಸಿಕ್ಲಿಡ್‌ಗಳು ಮೈದಳೆದವು. ಅವುಗಳಲ್ಲಿ ಒಂದು ಜೋಡಿ ಪ್ರಭೇದದಲ್ಲಿ ಒಂದರ ಗಂಡು ಕೆಂಪು, ಇನ್ನೊಂದರ ಗಂಡು ನೀಲಿ. ಹೆಣ್ಣುಗಳು ನೋಡಲು ಹೆಚ್ಚುಕಮ್ಮಿ ಒಂದೇ. ಗಂಡಿನ ಬಣ್ಣ ನೋಡಿಯೇ ಹೆಣ್ಣು ಆರಿಸುವುದು. ದೇಹದೊಳಗೆ ಬೇಲಿಯೇನೂ ಇಲ್ಲ. ಬೆರೆತರೆ ಮರಿಗಳು ಚೆನ್ನಾಗಿಯೇ ಇರುತ್ತವೆ. ಇಡೀ ಬೇಲಿ ನಿಂತಿರುವುದು ಬೆಳಕಿನ ಮೇಲೆ.

ಸುತ್ತಲಿನ ಕಾಡು ಕಡಿದು, ಬೇಸಾಯ ಹೆಚ್ಚಿ, ಮಣ್ಣು ಮತ್ತು ಗೊಬ್ಬರದ ಅಂಶ ಕೊಚ್ಚಿಕೊಂಡು ಬಂದು ಸರೋವರದ ನೀರು ಹಲವು ಕಡೆ ಮಬ್ಬಾಯಿತು. ಮಬ್ಬು ನೀರಿನಲ್ಲಿ ಕೆಂಪೂ ನೀಲಿಯೂ ಸರಿಯಾಗಿ ಕಾಣುವುದಿಲ್ಲ. ವಿಜ್ಞಾನಿ ಓಲೆ ಸೀಹಾಸನ್ ಮತ್ತು ಜೊತೆಗಾರರು 1997ರಲ್ಲಿ ಇದನ್ನು ವರದಿ ಮಾಡಿದರು. ನೀರು ತಿಳಿಯಾಗಿದ್ದ ಕಡೆ ಬಣ್ಣ ಬಣ್ಣದ ಹಲವು ಪ್ರಭೇದಗಳಿದ್ದವು. ಮಬ್ಬಾದ ಕಡೆ ಬಣ್ಣವೂ ಮಾಸಿತ್ತು, ಪ್ರಭೇದಗಳೂ ಕಡಿಮೆಯಾಗಿದ್ದವು. ಪ್ರಯೋಗಾಲಯದ ತೊಟ್ಟಿಯಲ್ಲೂ ಪರೀಕ್ಷಿಸಿದರು. ಬಿಳಿ ಬೆಳಕಿನಲ್ಲಿ ಹೆಣ್ಣು ತನ್ನ ಪ್ರಭೇದದ ಗಂಡನ್ನೇ ಆರಿಸಿತು. ಬಣ್ಣದ ವ್ಯತ್ಯಾಸ ಮರೆಮಾಡುವ ಕಿತ್ತಳೆ ಬೆಳಕು ಹಾಕಿದಾಗ ಆ ಆಯ್ಕೆ ತಪ್ಪಿಹೋಯಿತು.

ಕೆನಡಾದ ವ್ಯಾಂಕೂವರ್ ದ್ವೀಪದ ಈನಸ್ ಸರೋವರದಲ್ಲಿ ಇದು ಇನ್ನೂ ಬೇಗ ನಡೆಯಿತು. ಅಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಎರಡು ಪ್ರಭೇದಗಳಿದ್ದವು. ಸಣಕಲು ಮೈಯದು ನಡುನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತಿತ್ತು. ದಪ್ಪನೆಯದು ದಡದ ಹತ್ತಿರ ತಳದ ಹುಳುಗಳನ್ನು ತಿನ್ನುತ್ತಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಹೊರಗಿನ ಕ್ರೇಫಿಶ್ ಕಾಣಿಸಿಕೊಂಡಿತು. ಸಿಗಡಿಯ ನೆಂಟನಂಥ ಈ ಪ್ರಾಣಿ ನೀರಗಿಡಗಳನ್ನು ಕಿತ್ತು, ತಳದ ಕೆಸರನ್ನು ಕೆದಕುತ್ತದೆ. ಮೀನುಗಳ ಬೆರಕೆಗೆ ಇದೇ ಕಾರಣವಿರಬೇಕು ಎಂಬುದು ಬಲವಾದ ಅನುಮಾನ. 2000ದ ಆಚೀಚೆ ಹಿಡಿದು ನೋಡಿದ ಮೀನುಗಳನ್ನು ಎರಡು ಗುಂಪಾಗಿ ವಿಂಗಡಿಸಲು ಆಗಲಿಲ್ಲ. ಎಲ್ಲವೂ ನಡುವಿನ ರೂಪದವು. ಹಿಮಯುಗ ಮುಗಿದ ಮೇಲಿನ ಸಾವಿರಾರು ವರ್ಷಗಳಲ್ಲಿ ಮೂಡಿದ್ದು ಸುಮಾರು ಹತ್ತು ವರ್ಷದಲ್ಲಿ ಕರಗಿತು.

ಇದನ್ನು ವಿಜ್ಞಾನಿಗಳು 'ಹಿಮ್ಮುಖ ಪ್ರಭೇದೀಕರಣ' ಎನ್ನುತ್ತಾರೆ. ಹೆಸರು ಭಾರ, ವಿಷಯ ಸರಳ. ಎರಡಾಗುತ್ತಿದ್ದದ್ದು ಹಿಂದಕ್ಕೆ ತಿರುಗಿ ಒಂದಾಗುವುದು. ಈ ಅಳಿವು ನನ್ನನ್ನು ಬಹಳ ಕಾಡುತ್ತದೆ. ಸಾಮಾನ್ಯವಾಗಿ ಒಂದು ಪ್ರಭೇದ ಅಳಿಯುತ್ತಿದ್ದರೆ ಕಣ್ಣಿಗೆ ಕಾಣುತ್ತದೆ, ಸಂಖ್ಯೆ ಇಳಿಯುತ್ತದೆ. ಇಲ್ಲಿ ಸರೋವರದ ತುಂಬ ಮೀನು ಇದ್ದೇ ಇರುತ್ತದೆ. ಬಲೆಗೂ ಬೀಳುತ್ತದೆ. ಎರಡು ಪ್ರಭೇದಗಳು ಮಾತ್ರ ಇರುವುದಿಲ್ಲ.

## ಮಿಶ್ರ ಮರಿಗೆ ಬದುಕಲು ಜಾಗ ಇದೆಯೇ?

ಬೇಲಿ ಬಿದ್ದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಮಿಶ್ರ ಮರಿ ಬದುಕಬೇಕು. ಗಲಪಾಗೋಸ್ ದ್ವೀಪಗಳಲ್ಲಿ ಒಂದಾದ ಡ್ಯಾಫ್ನೆ ಮೇಜರ್‌ನಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ದಶಕಗಟ್ಟಲೆ ಫಿಂಚ್ ಹಕ್ಕಿಗಳನ್ನು ಒಂದೊಂದಾಗಿ ಗುರುತಿಟ್ಟು ಹಿಂಬಾಲಿಸಿದರು. ಅಷ್ಟು ತಾಳ್ಮೆಯ ಕೆಲಸ ಜೀವವಿಜ್ಞಾನದಲ್ಲಿ ಅಪರೂಪ.

ಅಲ್ಲಿ ಎರಡು ಫಿಂಚ್‌ಗಳಿವೆ. ಒಂದರದ್ದು ಬೀಜ ಒಡೆಯುವ ಮೊಂಡು ಕೊಕ್ಕು. ಇನ್ನೊಂದರದ್ದು ಪಾಪಾಸುಕಳ್ಳಿಯ ಹೂವು ಹಣ್ಣಿಗೆ ಹೊಂದಿದ ನೀಳ ಕೊಕ್ಕು. ಇವುಗಳ ನಡುವಿನ ಬೇಲಿ ಹಾಡು. ಗಂಡುಮರಿ ತಂದೆಯಿಂದ ಹಾಡು ಕಲಿಯುತ್ತದೆ. ಹೆಣ್ಣು ತನ್ನ ತಂದೆಯ ಬಗೆಯ ಹಾಡಿಗೆ ಒಲಿಯುತ್ತದೆ. ಆದರೆ ಎಂದಾದರೊಮ್ಮೆ ಮರಿ ಪಕ್ಕದ ಗೂಡಿನ ಬೇರೆ ಪ್ರಭೇದದ ಹಕ್ಕಿಯಿಂದ ತಪ್ಪು ಹಾಡು ಕಲಿತುಬಿಡುತ್ತದೆ. ಬೆರಕೆ ಆಗುವುದು ಅಂಥ ಕಡೆ. ಅಪರೂಪ, ಆದರೆ ಆಗುತ್ತದೆ.

ಮೊದಲ ವರ್ಷಗಳಲ್ಲಿ ಹುಟ್ಟಿದ ಮಿಶ್ರ ಹಕ್ಕಿಗಳು ಉಳಿದು ಸಂತಾನ ಬೆಳೆಸಲಿಲ್ಲ. ಅವುಗಳ ನಡುವಿನ ಗಾತ್ರದ ಕೊಕ್ಕಿಗೆ ಹೊಂದುವ ಆಹಾರ ಸಾಲದಾಗಿತ್ತು. 1982-83ರಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ವಿದ್ಯಮಾನ, ಭಾರೀ ಮಳೆ ತಂದಿತು. ಬಳ್ಳಿಗಳು ಬೆಳೆದು ಕಳ್ಳಿಯನ್ನು ಮುಚ್ಚಿದವು. ಸಣ್ಣ ಬೀಜಗಳು ರಾಶಿ ರಾಶಿಯಾದವು. ಸಣ್ಣ ಬೀಜಕ್ಕೆ ಮಿಶ್ರ ಕೊಕ್ಕು ಧಾರಾಳವಾಗಿ ಸಾಕು. ಅಲ್ಲಿಂದ ಮುಂದೆ ಮಿಶ್ರ ಹಕ್ಕಿಗಳು ಉಳಿದವು, ಮರಿ ಮಾಡಿದವು, ಎರಡು ಪ್ರಭೇದಗಳು ಒಂದಕ್ಕೊಂದು ಹತ್ತಿರವಾಗತೊಡಗಿದವು. ಹಕ್ಕಿಯ ದೇಹದಲ್ಲಿ ಏನೂ ಬದಲಾಗಿರಲಿಲ್ಲ. ಮಳೆ ಬದಲಾಗಿತ್ತು.

## ಕೂಡಿಕೆಯೇ ಕಾಪಾಡಿದ ಕಡೆ

ಇಷ್ಟು ಓದಿದರೆ ಬೆರಕೆ ಎಂದರೆ ಕೆಟ್ಟದ್ದು ಎನ್ನಿಸಬಹುದು. ಹಾಗೇನಿಲ್ಲ.

ಅಮೆರಿಕದ ಫ್ಲಾರಿಡಾದಲ್ಲಿ ಪ್ಯಾಂಥರ್ ಎಂದು ಕರೆಯುವ ಪ್ಯೂಮಾ ಬೆಕ್ಕುಗಳಿವೆ. ಹಿಂದೆ ಇವು ಪಶ್ಚಿಮದ ಟೆಕ್ಸಾಸ್ ಕಡೆಯ ಪ್ಯೂಮಾಗಳೊಂದಿಗೆ ಬೆರೆಯುತ್ತಿದ್ದವು. ಬೇಟೆ ಮತ್ತು ಕಾಡಿನ ನಾಶದಿಂದ ನಡುವಿನ ಕೊಂಡಿಗಳೆಲ್ಲ ಕಡಿದವು. 1990ರ ದಶಕದ ಆರಂಭಕ್ಕೆ ಫ್ಲಾರಿಡಾದಲ್ಲಿ ಉಳಿದದ್ದು ಇಪ್ಪತ್ತು ಮೂವತ್ತು. ಹತ್ತಿರದ ಸಂಬಂಧದಲ್ಲೇ ಕೂಡಿ ಕೂಡಿ ಮರಿಗಳಿಗೆ ಬಾಲ ಸೊಟ್ಟ, ಹೃದಯದಲ್ಲಿ ದೋಷ, ಗಂಡುಗಳಿಗೆ ವೃಷಣ ಕೆಳಗಿಳಿಯದ ತೊಂದರೆ. ಕಾರಣ ಇಷ್ಟು: ಪ್ರತಿಯೊಂದು ಜೀವಿಯಲ್ಲೂ ಕೆಲವು ಕೆಟ್ಟ ವಂಶವಾಹಿಗಳು ಅಡಗಿರುತ್ತವೆ, ಜೊತೆಯ ಒಳ್ಳೆಯ ಪ್ರತಿ ಅದನ್ನು ಮುಚ್ಚಿಟ್ಟಿರುತ್ತದೆ. ಸಂಬಂಧಿಕರೇ ಕೂಡಿದರೆ ಎರಡೂ ಕಡೆಯಿಂದ ಅದೇ ಕೆಟ್ಟ ಪ್ರತಿ ಬಂದುಬಿಡುತ್ತದೆ.

1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಅವುಗಳಲ್ಲಿ ಐದು ಮರಿ ಹಾಕಿದವು. ಮಿಶ್ರ ಮರಿಗಳು ಹೆಚ್ಚು ಬದುಕಿದವು, ದೋಷಗಳು ಇಳಿದವು, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸಂಖ್ಯೆ ಮೂರು ಪಟ್ಟು ಹೆಚ್ಚಿತು. ಸ್ಕ್ಯಾಂಡಿನೇವಿಯಾದಲ್ಲಿ ಯಾರೂ ತಂದು ಬಿಡದೆಯೇ ಇಂಥದ್ದು ನಡೆಯಿತು. ಅಲ್ಲಿ 1980ರ ದಶಕದಲ್ಲಿ ತೋಳಗಳು ಹತ್ತನ್ನೂ ಮೀರದೆ ನಿಂತಿದ್ದವು. 1991ರ ಹೊತ್ತಿಗೆ ಪೂರ್ವದಿಂದ ಒಂದೇ ಒಂದು ಗಂಡು ತೋಳ ನೂರಾರು ಕಿಲೋಮೀಟರ್ ನಡೆದು ಬಂತು. ಅದರ ರಕ್ತ ಸೇರಿದ ಮೇಲೆ ತೋಳಗಳ ಸಂಖ್ಯೆ ಏರತೊಡಗಿತು.

ಮತ್ತೆ ಇನ್ನೊಂದು ಮುಖವೂ ಇದೆ. ಸ್ಕಾಟ್ಲೆಂಡಿನ ಕಾಡುಬೆಕ್ಕು ಮತ್ತು ಸಾಕುಬೆಕ್ಕುಗಳು ಬ್ರಿಟನ್ನಿನಲ್ಲಿ ಸುಮಾರು 2,000 ವರ್ಷ ಅಕ್ಕಪಕ್ಕದಲ್ಲಿದ್ದೂ ಹೆಚ್ಚು ಬೆರೆಯಲಿಲ್ಲ ಎಂದು 2023ರಲ್ಲಿ ಬಂದ ಅಧ್ಯಯನ ತೋರಿಸಿತು. ಬೆರಕೆ ಹೆಚ್ಚಾದದ್ದು ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ, ಕಾಡುಬೆಕ್ಕುಗಳು ವಿರಳವಾದ ಮೇಲೆ. ತನ್ನವರೇ ಸಿಗದಿದ್ದರೆ ಸಿಕ್ಕವರೊಂದಿಗೆ ಕೂಡುವುದು ಪ್ರಾಣಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಒಂದು ಗುಂಪು ತೀರಾ ಚಿಕ್ಕದು, ಇನ್ನೊಂದು ತೀರಾ ದೊಡ್ಡದು ಆದಾಗ ಅದು ಎರಡು ಹೊಳೆ ಕೂಡಿದಂತೆ ಅಲ್ಲ. ಚಿಕ್ಕದು ದೊಡ್ಡದರಲ್ಲಿ ಮುಳುಗಿಹೋಗುತ್ತದೆ. ಫ್ಲಾರಿಡಾದಲ್ಲಿ ಎಂಟೇ ಹೆಣ್ಣುಗಳನ್ನು ಬಿಟ್ಟು, 2003ರ ಹೊತ್ತಿಗೆ ಅವುಗಳಲ್ಲಿ ಉಳಿದವನ್ನು ಹಿಂದೆ ತೆಗೆದದ್ದು ಈ ಎಚ್ಚರಿಕೆಯಿಂದಲೇ.

## ನಮ್ಮ ಮೈಯಲ್ಲೂ ಇದೆ

ಮನುಷ್ಯರ ಕತೆಯೂ ಇದಕ್ಕೆ ಹೊರತಲ್ಲ. ಈಗ ಅಳಿದುಹೋಗಿರುವ ನಿಯಾಂಡರ್ತಲ್ ಮಾನವರು ಮತ್ತು ನಮ್ಮ ಪೂರ್ವಜರು ಲಕ್ಷಗಟ್ಟಲೆ ವರ್ಷ ಬೇರೆಯಾಗಿದ್ದು, ಸುಮಾರು 50,000 ವರ್ಷಗಳ ಹಿಂದೆ ಎದುರಾಗಿ ಕೂಡಿದರು. ವಿಜ್ಞಾನಿ ಸ್ವಾಂಟೆ ಪಾಬೊ ಅವರ ತಂಡ 2010ರಲ್ಲಿ ನಿಯಾಂಡರ್ತಲ್ ಡಿಎನ್‌ಎ ಓದಿದಾಗ ಇದು ಗೊತ್ತಾಯಿತು. ಆಫ್ರಿಕಾದ ಹೊರಗಿನ ಜನರ ಡಿಎನ್‌ಎಯಲ್ಲಿ ಶೇ. 1ರಿಂದ 2ರಷ್ಟು ನಿಯಾಂಡರ್ತಲ್ ಮಣಿಗಳಿವೆ. ಅವು ಎಲ್ಲ ಕಡೆ ಸಮನಾಗಿ ಹರಡಿಲ್ಲ. ಎಕ್ಸ್ ಎಂಬ ಲಿಂಗ ಕ್ರೋಮೋಸೋಮಿನ ದೊಡ್ಡ ದೊಡ್ಡ ಭಾಗಗಳಲ್ಲಿ ಅವು ಇಲ್ಲವೇ ಇಲ್ಲ ಎನ್ನಬಹುದು. ಅಲ್ಲಿ ಸೇರಿದ್ದವು ಹೊಂದದೆ ಕಾಲಕ್ರಮದಲ್ಲಿ ಸೋಸಿಹೋದವು ಎಂದು ತಿಳಿಯಲಾಗಿದೆ. ಇನ್ನು ಕೆಲವು ಉಪಯೋಗಕ್ಕೆ ಬಂದವು. ಟಿಬೆಟ್ಟಿನ ಎತ್ತರದಲ್ಲಿ ಕಡಿಮೆ ಆಮ್ಲಜನಕಕ್ಕೆ ದೇಹ ಹೊಂದಿಕೊಳ್ಳಲು ನೆರವಾಗುವ ಒಂದು ವಂಶವಾಹಿ ಡೆನಿಸೋವನ್ ಎಂಬ ಇನ್ನೊಂದು ಹಳೆಯ ಮಾನವ ಗುಂಪಿನಿಂದ ಬಂದದ್ದು.

ಕೂಡಿದ ಮೇಲೂ ಜರಡಿ ಆಡುತ್ತಲೇ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

## ಕರಗಿದ್ದು ಮತ್ತೆ ಬರುತ್ತದೆಯೇ?

ಬೇಲಿ ಮತ್ತೆ ಕಟ್ಟಿದರೆ ಹಳೆಯ ಪ್ರಭೇದ ಮರಳುತ್ತದೆಯೇ? ಇದಕ್ಕೆ ಯುರೋಪಿನ ಆಲ್ಪ್ಸ್ ಬೆಟ್ಟಗಳ ಸರೋವರಗಳಲ್ಲಿ ಒಂದು ಉತ್ತರ ಸಿಗುತ್ತದೆ. ಅಲ್ಲಿನ ವೈಟ್‌ಫಿಶ್ ಎಂಬ ಮೀನುಗಳಲ್ಲಿ ಕೆಲವು ಆಳದಲ್ಲಿ, ಕೆಲವು ಮೇಲ್ಭಾಗದಲ್ಲಿ ಮೊಟ್ಟೆ ಇಡುತ್ತಿದ್ದವು. ಅವುಗಳ ಬೇಲಿ ಆಳವೇ. 20ನೇ ಶತಮಾನದಲ್ಲಿ ಚರಂಡಿ ನೀರು ಮತ್ತು ಗೊಬ್ಬರದ ರಂಜಕ ಸರೋವರಗಳಿಗೆ ಸೇರಿತು. ಪಾಚಿ ಹೆಚ್ಚಿತು. ಸತ್ತ ಪಾಚಿ ತಳಕ್ಕಿಳಿದು ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನು ಹೀರಿತು. ಆಳದಲ್ಲಿ ಮೊಟ್ಟೆ ಉಳಿಯದಂತಾಯಿತು. ಆಳದ ಮೀನುಗಳು ಮೇಲೆ ಸರಿದು ಬೇರೆಯವುಗಳ ಜಾಗದಲ್ಲೇ ಮೊಟ್ಟೆ ಇಡತೊಡಗಿದವು. ಬೆರಕೆ ಆಯಿತು.

ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾಗಳ ನಡುವಿನ ಕಾನ್‌ಸ್ಟನ್ಸ್ ಸರೋವರದಲ್ಲಿ ಆಳದ ವೈಟ್‌ಫಿಶ್ ಹೀಗೇ ಮರೆಯಾಯಿತು. ಆಮೇಲೆ ಕೊಳಕು ನೀರನ್ನು ಶುದ್ಧ ಮಾಡಿ ಬಿಡುವ ವ್ಯವಸ್ಥೆ ಬಂತು, ರಂಜಕ ಇಳಿಯಿತು, ನೀರು ತಿಳಿಯಾಯಿತು. ಆ ಮೀನು ಮಾತ್ರ ಬರಲಿಲ್ಲ. ಸರೋವರ ಕೆಡುವ ಮುಂಚೆ ಯಾರೋ ಆ ಮೀನಿನ ಹುರುಪೆಗಳನ್ನು ಒಣಗಿಸಿ ಎತ್ತಿಟ್ಟಿದ್ದರು. ಸಂಶೋಧಕರು ಅವುಗಳಿಂದ ಡಿಎನ್‌ಎ ತೆಗೆದು ಇಂದಿನ ಮೀನುಗಳೊಂದಿಗೆ ಹೋಲಿಸಿದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಳಿದ ಮೀನಿನ ಡಿಎನ್‌ಎಯ ಎಷ್ಟೋ ತುಂಡುಗಳು ಉಳಿದ ವೈಟ್‌ಫಿಶ್‌ಗಳ ಮೈಯಲ್ಲಿ ಇವೆ, ಚದುರಿಕೊಂಡು. ಆಳದಲ್ಲಿ ಬದುಕಲು ಬೇಕಾಗಿದ್ದ ಆ ತುಂಡುಗಳನ್ನು ಹೊತ್ತುಕೊಂಡು ಅವು ಈಗಲೂ ಮೇಲಿನ ನೀರಿನಲ್ಲಿ ಈಜಾಡುತ್ತಿವೆ.